ಪನ್ನೀರು ಹಿಡಿದು ಬಾಗಿಲಲ್ಲಿ ನಿಂತವಳು

ನಮ್ಮ ವಿಶ್ವವಿದ್ಯಾಲಯದೊಳಗೇ ಉಳಿದಿರುವ ವರ್ಣಭೇದ ಮತ್ತು ಬ್ರಿಟಿಷರ ಕಾಲದ ಅಭ್ಯಾಸಗಳ ಬಗ್ಗೆ ಪಿಎಚ್.ಡಿ. ಮಾಡುತ್ತೇನೆ ಎಂದಾಗ ವಿಭಾಗದ ಮುಖ್ಯಸ್ಥರು ನಕ್ಕರು.

"ವರ್ಣಭೇದ ಎಲ್ಲ ಅಮೆರಿಕಾದಲ್ಲಿ ಕಣಮ್ಮ. ಚಿಕ್ಕಬಳ್ಳಾಪುರದಲ್ಲಿ ಎಲ್ಲಿಂದ ತರ್ತೀಯ? ಬೇರೆ ವಿಷಯ ನೋಡ್ಕೋ."

ನನಗೆ ಮೈಯೆಲ್ಲ ಉರಿದುಹೋಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವವರಿಗೆ ಏನು ಹೇಳುವುದು? ಸಮಿತಿಯ ಮುಂದೆ ಒಂದು ಸಲ ಮಂಡಿಸಲು ಬಿಡಿ, ಅವರು ಬೇಡವೆಂದರೆ ಬಿಟ್ಟುಬಿಡುತ್ತೇನೆ ಎಂದೆ. ಬಿಡುವ ಉದ್ದೇಶ ನನಗೇನೂ ಇರಲಿಲ್ಲ.

ನಮ್ಮ ವಿಭಾಗಕ್ಕೆ ಯಾರೇ ದೊಡ್ಡವರು ಬಂದರೂ ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಗುಲಾಬಿ ಕೊಟ್ಟು ಒಳಗೆ ಕರೆಯುವುದು ಪದ್ಧತಿ. "ಲಕ್ಷಣವಾಗಿರೋರು ಮುಂದೆ ಬನ್ರಮ್ಮ" ಎಂದು ಮುಖ್ಯಸ್ಥರೇ ಹುಡುಗಿಯರನ್ನು ಆರಿಸುತ್ತಿದ್ದರು. ನಾನು ಬೆಳ್ಳಗಿದ್ದೇನೆ, ಎಂ.ಎ.ಗೆ ಸೇರಿದಾಗಿನಿಂದ ಪನ್ನೀರುದಾನಿ ನನ್ನ ಕೈಯಲ್ಲೇ. ನನ್ನ ಜೊತೆಗೇ ಸಂಶೋಧನೆಗೆ ಸೇರಿದ ನಗರಗೆರೆಯ ಗೆಳತಿ ಕಪ್ಪು. ನಮ್ಮೆಲ್ಲರಿಗಿಂತ ಚೆನ್ನಾಗಿ ಮಾತಾಡುವವಳು, ಆದರೆ ಅವಳಿಗೆ ಯಾವಾಗಲೂ ಮರೆಯಲ್ಲಿ ನಿಂತು ಕಾಫಿ ಬಗ್ಗಿಸುವ ಕೆಲಸ. ಈ ಪದ್ಧತಿ ಎಲ್ಲಿಂದ ಬಂತೆಂದು ಕೇಳಿದರೆ ಮುಖ್ಯಸ್ಥರು ಹೆಮ್ಮೆಯಿಂದಲೇ ಹೇಳುತ್ತಿದ್ದರು: ಅವರ ತಾತ ಮೇಷ್ಟ್ರಾಗಿದ್ದ ಶಾಲೆಗೆ ಬಿಳಿ ದೊರೆ ತನಿಖೆಗೆ ಬಂದಾಗ ಬೆಳ್ಳಗಿರುವ ಮಕ್ಕಳ ಕೈಗೇ ಹೂ ಕೊಟ್ಟು ನಿಲ್ಲಿಸುತ್ತಿದ್ದರಂತೆ.

ಮಂಡನೆಯ ಹಿಂದಿನ ದಿನ ಗೆಳತಿ ಸಾದಲಿಯ ನಮ್ಮ ಮನೆಗೆ ಬಂದಿದ್ದಳು. ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ, ನಿನ್ನ ಅನುಭವವನ್ನೇ ಸಮಿತಿಗೆ ಹೇಳುತ್ತೇನೆ ಎಂದೆ. ಅವಳು ಕೈಯಲ್ಲಿದ್ದ ಸೊಪ್ಪನ್ನು ಕೆಳಗೆ ಹಾಕಿದಳು.

"ಏಮೇ, ನನ್ ಮುಖ ತೋರ್ಸಿ ನೀನು ಡಾಕ್ಟರೇಟ್ ತಗೊಳ್ತೀಯಾ? ಅಲ್ಲಿರೋರೆಲ್ಲ ಅಯ್ಯೋ ಪಾಪ ಅಂತ ನನ್ನ ನೋಡ್ಬೇಕಾ? ಬೇಡ ಕಣೇ. ಬಾಗ್ಲಲ್ಲಿ ನಿಂತ್ಕೊಳ್ಳೋಳು ನೀನು. ನಿನ್ ಕಥೆ ಹೇಳ್ಕೋ."

ನನಗೆ ಸಿಟ್ಟು ಬಂತು. ಬೆಳಿಗ್ಗೆ ಬಸ್ಸು ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ಅವಳು ಹೇಳಿದ್ದೇ ಸರಿ ಎನಿಸಿತು.

ಸಮಿತಿಗೆ ಬೆಂಗಳೂರಿನಿಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಬಂದರು. ಅವರಿಗೂ ಪನ್ನೀರು ಚಿಮುಕಿಸಿದವಳು ನಾನೇ. ಒಳಗೆ ಕೂತು ನನ್ನ ಮಾತು ಕೇಳಿದ ಮೇಲೆ ಅವರು, "ಎಲ್ಲ ಸರಿ, ಪುರಾವೆ ಏನಿದೆ?" ಎಂದರು.

"ನಾನೇ ಇದೀನಲ್ಲ ಮೇಡಂ," ಎಂದು ಮುಖ್ಯಸ್ಥರ ಕಡೆ ತಿರುಗಿದೆ. "ಸರ್, ಇಷ್ಟು ವರ್ಷ ಬಾಗ್ಲಲ್ಲಿ ನನ್ನನ್ನೇ ಯಾಕೆ ನಿಲ್ಲಿಸಿದ್ರಿ?"

"ಇದೇನಮ್ಮ ಪ್ರಶ್ನೆ? ಬೆಳ್ಳಗೆ ಲಕ್ಷಣವಾಗಿದ್ದೀಯ, ನಿಲ್ಲಿಸ್ದೆ," ಎಂದರು ಅವರು, ಮಗಳಿಗೆ ಹೇಳುವಷ್ಟು ಪ್ರೀತಿಯಿಂದ.

ಪ್ರಾಧ್ಯಾಪಕಿ ಅವರ ಉತ್ತರವನ್ನು ಹಾಗೇ ಬರೆದುಕೊಂಡರು. ಆಮೇಲೆ ನನ್ನ ವಿಷಯಕ್ಕೆ ಒಪ್ಪಿಗೆಯ ಸಹಿ ಹಾಕಿದರು. ಮುಖ್ಯಸ್ಥರೂ ಹಾಕಬೇಕಾಯಿತು.

ಹೊರಗೆ ಬಂದಾಗ ಗೆಳತಿ ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದಳು. ಒಳಗಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ನಾಳೆ ಫೋನ್ ಚಾರ್ಜ್ ಮಾಡ್ಕೊಂಡ್ ಬಾ, ರೆಕಾರ್ಡ್ ಮಾಡ್ಕೊಳ್ಳೋಕೆ," ಎಂದಳು. "ನೀನು ನಿನ್ ಕಥೆ ಹೇಳಾಯ್ತಲ್ಲ, ಇನ್ನು ನನ್ದು ನಾನೇ ಹೇಳ್ತೀನಿ. ಪಾಪ ಅಂತ ಮಾತ್ರ ಬರೀಬೇಡ."