ಲಾಂಗ್‌ರೀಚ್‌ನಿಂದ ಮೌಂಟ್ ಐಸಾಕ್ಕೆ ನನ್ನ ಓರಗಿತ್ತಿ ಹಾರಿದ್ದು

ಮುರುಗನನ್ನು ನಂಬಿದವರಿಗೆಲ್ಲ ವಡಪಳನಿಯಿಂದ ಒಬ್ಬ ತಾಯಿ ಬರೆಯುವುದು.

2004ರ ತೈ ತಿಂಗಳು, ಸಂಕ್ರಾಂತಿ ಕಳೆದ ಹೊಸತು. ಆಸ್ಟ್ರೇಲಿಯಾದ ಒಳನಾಡಿನ ಮೌಂಟ್ ಐಸಾ ಎಂಬ ಗಣಿಯೂರಿನಲ್ಲಿ ನನ್ನ ಮಗಳು ಸುಮಾ ಚೊಚ್ಚಲ ಬಸುರಿ. ಬಾಣಂತನಕ್ಕೆ ನಾನು ಹೊರಡಬೇಕು. ಆದರೆ ವೀಸಾಕ್ಕೆಂದು ತೆಗೆದ ಎದೆಯ ಎಕ್ಸ್‌ರೇಯಲ್ಲಿ ಯಾವುದೋ ಹಳೆಯ ಕಲೆ ಕಂಡು, ಮತ್ತೆ ಪರೀಕ್ಷೆ, ಮತ್ತೆ ಕಾಯುವುದು ಎಂದಾಯಿತು. ಅಂಟಿನುಂಡೆ ಕಟ್ಟಿಟ್ಟು ಸುಮ್ಮನೆ ಕೂತೆ.

ಅಷ್ಟರಲ್ಲಿ ನಮ್ಮೂರಿನದೇ ಇನ್ನೊಂದು ಬಡಾವಣೆ ಕ್ರೋಂಪೇಟೆಯ ನನ್ನ ಓರಗಿತ್ತಿ ವಿಶಾಲುವಿಗೆ ಒಂದೇ ಸಲಕ್ಕೆ ವೀಸಾ ಸಿಕ್ಕಿತು. ಅವಳ ಮಗ ಅದೇ ಒಳನಾಡಿನ ಲಾಂಗ್‌ರೀಚ್‌ನಲ್ಲಿ ಡಾಕ್ಟರು. ಅವನಿಗಿನ್ನೂ ಮದುವೆಯೇ ಆಗಿಲ್ಲ. ಇವಳು ಹೊರಟದ್ದು ಕಾಂಗರೂ ನೋಡಲು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ನನ್ನ ಹೊಟ್ಟೆ ಧಗಧಗ ಉರಿಯಿತು.

ನಮ್ಮ ಯಜಮಾನರು ಭೂಪಟ ಬಿಡಿಸಿ, ಎರಡೂರಿಗೂ ಒಂದೇ ಬೆರಳಿನ ಅಂತರ, ವಡಪಳನಿಯಿಂದ ಕ್ರೋಂಪೇಟೆಗೆ ಹೋದ ಹಾಗೆ ವಿಶಾಲು ಹೋಗಿ ಸುಮಾಳನ್ನು ನೋಡಿಕೊಳ್ಳಲಿ ಎಂದರು. ನನ್ನ ಮಗಳ ಬಾಣಂತನ ಅವಳ ಕೈಯಲ್ಲೇ? ಫೋನಿನಲ್ಲಿ ಇದನ್ನು ಕೇಳಿ ಸುಮಾ ನಕ್ಕಳು. ನಡುವೆ ಆರುನೂರು ಕಿಲೋಮೀಟರಿಗೂ ಮೇಲಂತೆ, ನಮ್ಮಲ್ಲಿಂದ ಮದುರೆಗೆ ಇರುವುದಕ್ಕಿಂತ ದೂರ. ಕಾರಿನಲ್ಲಿ ಇಡೀ ಹಗಲು. ನೇರ ಹಾರಿದರೆ ಪುಟ್ಟ ವಿಮಾನಕ್ಕೆ ಒಂದೂವರೆ ಗಂಟೆಯೋ ಎರಡೋ. ಅಷ್ಟು ದೂರ ಎಂದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು.

ಮುರುಗನ ಹಬ್ಬ ತೈಪೂಸದ ಮಾರನೆಯ ಬೆಳಿಗ್ಗೆ ಅಳಿಯನ ಫೋನು ಬಂತು. ಅವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿ, ಮಳೆಗೆ ವಿಮಾನ ನಿಂತು ಸಿಕ್ಕಿಕೊಂಡಿದ್ದರು. ಸುಮಾ ದಿನ ತುಂಬುವ ಮೊದಲೇ ಬಿಪಿ ಏರಿ ಆಸ್ಪತ್ರೆ ಸೇರಿದ್ದಳು. ಆಪರೇಷನ್ ಆಗಲೇಬೇಕು. ಪಕ್ಕದಲ್ಲಿ ನಮ್ಮವರು ಯಾರೂ ಇಲ್ಲ.

ಮುರುಗನ ಕೋವಿಲಿಗೆ ಓಡಿದೆ. ನಮ್ಮಲ್ಲಿ ಅರ್ಚನೆಗೆ ಅಣ್ಣತಮ್ಮಂದಿರ ಎರಡೂ ಮನೆಯವರ ಹೆಸರು ಸೇರಿಸಿ ಹೇಳುವುದು ವಾಡಿಕೆ, ಗೋತ್ರ ಒಂದೇ. ಅವತ್ತು ನಾನು ಸುಮಾಳ ಹೆಸರು, ನಕ್ಷತ್ರ ಮಾತ್ರ ಹೇಳಿದೆ. ಕ್ರೋಂಪೇಟೆಯವರ ಹೆಸರು ಎಂದು ಪೂಜೆಯ ಗುರುಕ್ಕಳು ನೆನಪಿಸಿದರು. ಇವತ್ತು ಬೇಡ ಎಂದೆ. ಅವರಾದರೋ ಬಾಯಿಪಾಠದಂತೆ ಕೊನೆಗೆ 'ಸಹಕುಟುಂಬಾನಾಂ', ಕುಟುಂಬದವರೆಲ್ಲರಿಗೂ, ಎಂದೇ ಮುಗಿಸಿದರು. ಇಲ್ಲಿಗೂ ಅವಳನ್ನು ಎಳೆದು ತಂದರಲ್ಲ ಎಂದು ಮೈ ಉರಿಯಿತು. ಆಮೇಲೆ ಕಣ್ಣೀರು ತಡೆಯಲಾಗಲಿಲ್ಲ. ಮುರುಗಾ, ನನ್ನ ಮಗಳ ಪಕ್ಕ ಒಬ್ಬ ತಾಯಿ ಇರಬೇಕು, ಹೇಗೋ ನೀನೇ ನೋಡು ಎಂದು ಬೇಡಿಕೊಂಡೆ.

ಸಂಜೆ ಫೋನು ಬಂತು. ಧ್ವನಿ ವಿಶಾಲುವಿನದು.

"ಅಕ್ಕಾ, ಸುಮಾ ಪಕ್ಕದಲ್ಲೇ ಇದೀನಿ. ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ. ಮೂಗು ಥೇಟ್ ನಿಮ್ದೇ."

ಅಳಿಯ ಅವಳ ಮಗನಿಗೂ ತಿಳಿಸಿದ್ದರು. ರಸ್ತೆಯೆಲ್ಲ ನೀರು. ಅವನ ಹತ್ತಿರ ಔಷಧಿಗೆ ಬರುವ ದನದ ಸಾಹುಕಾರರೊಬ್ಬರು ತಮ್ಮ ಪುಟ್ಟ ವಿಮಾನದಲ್ಲಿ ಇವಳನ್ನು ಕೂರಿಸಿಕೊಂಡು ಹಾರಿದ್ದರು. ಲಿಫ್ಟ್ ಹತ್ತಲೂ ಹೆದರುವ ವಿಶಾಲು ದಾರಿಯುದ್ದಕ್ಕೂ ಕಣ್ಣು ಮುಚ್ಚಿ ವಾಂತಿ ಮಾಡಿಕೊಂಡಳಂತೆ.

ನಾನು ಬೇಡವೆಂದು ಬಿಟ್ಟ ಹೆಸರನ್ನೇ ಸ್ವಾಮಿ ಆರಿಸಿಕೊಂಡ. ಅವನ ಕರುಣೆಗೆ ದೂರವಿಲ್ಲ, ನಂಬಿ.

ನನ್ನ ಮೊಮ್ಮಗಳನ್ನು ಮೊದಲು ಎತ್ತಿಕೊಂಡವಳು ಅವಳೇ ಎಂಬುದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ; ಸುಳ್ಳೇಕೆ ಹೇಳಲಿ. ಪ್ರತಿ ತಿಂಗಳು ಮುರುಗನ ನಕ್ಷತ್ರ ಕೃತ್ತಿಕೆಯಂದು ಅರ್ಚನೆ ಮಾಡಿಸುತ್ತೇನೆ. ಮೊದಲು ವಿಶಾಲುವಿನ ಹೆಸರು ಹೇಳುತ್ತೇನೆ. ಆಮೇಲೆ, ಮುಂದಿನ ಮಗುವಿಗೆ ಮಾತ್ರ ನನ್ನನ್ನೇ ಕಳಿಸಪ್ಪಾ ಎಂದು ಬೇಡಿಕೊಳ್ಳುತ್ತೇನೆ.