ಗೆಳೆಯನ ನಂಬರ್ ಚುಚ್ಚಿಕೊಂಡು ಓಡಿದೆ

"ಸುರೇಶ್, ಆಂಖೇ ಖೋಲೋ," ಎಂದು ಯಾರೋ ಹಿಂದಿಯಲ್ಲಿ ಕಣ್ಣು ತೆರೆಯಲು ಹೇಳುತ್ತಾ ನನ್ನ ಕೆನ್ನೆ ತಟ್ಟುತ್ತಿದ್ದರು. ಹಾಫ್ ಮ್ಯಾರಥಾನ್ ಓಡುತ್ತಿದ್ದವನು ದಾದರ್ ಬಳಿ ಕುಸಿದು ಬಿದ್ದು, ಡಾಕ್ಟರುಗಳ ಟೆಂಟಿನಲ್ಲಿ ಮಲಗಿದ್ದೆ. ಕೈಗೆ ಡ್ರಿಪ್ ಹಾಕಿದ್ದರು. ನಾನು ಸುರೇಶ ಅಲ್ಲ ಎನ್ನಲು ಹೋದರೆ ನಾಲಿಗೆಯೇ ಏಳಲಿಲ್ಲ.

ಸುರೇಶ ನನ್ನ ಗೆಳೆಯ. ಅವನಿಗೆ ಜ್ವರ ಬಂದಿದ್ದರಿಂದ, ಅವನ ಹೆಸರು, ನಂಬರ್ ಇದ್ದ ಓಟದ ಚೀಟಿಯನ್ನು ನಾನು ಎದೆಗೆ ಪಿನ್ನಿನಿಂದ ಚುಚ್ಚಿಕೊಂಡು ಓಡಿದ್ದೆ. ಹಾಗೆ ಓಡಬಾರದೆಂದು ಗೊತ್ತಿತ್ತು. ಅದರ ಹಿಂಬದಿಯಲ್ಲಿ, ತುರ್ತಿಗೆ ಕರೆಯಲೆಂದು, ಅವನ ತಾಯಿಯ ಫೋನ್ ನಂಬರ್ ಇದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಟೆಂಟಿನವರು ಆ ನಂಬರಿಗೆ ಕರೆ ಮಾಡಿದ ಸ್ವಲ್ಪ ಹೊತ್ತಿಗೆ ಸುರೇಶನ ತಾಯಿ ಏದುಸಿರು ಬಿಡುತ್ತಾ ಬಂದರು. ನನ್ನ ಮುಖ ನೋಡಿ ಅಲ್ಲೇ ನಿಂತುಬಿಟ್ಟರು.

"ಇದು ನನ್ನ ಮಗ ಅಲ್ಲ. ನನ್ನ ಮಗನನ್ನು ಎಲ್ಲಿ ಇಟ್ಟಿದ್ದೀರಿ?"

ಹಾಗೆ ಕನ್ನಡದಲ್ಲಿ ಕೇಳುತ್ತಲೇ ಒಂದೊಂದು ಮಂಚದ ಬಳಿ ಹೋಗಿ, ಮಲಗಿದ್ದವರ ಹೊದಿಕೆ ಸರಿಸಿ ನೋಡತೊಡಗಿದರು. ಅಲ್ಲಿದ್ದ ಯಾರಿಗೂ ಭಾಷೆ ತಿಳಿಯಲಿಲ್ಲ. ತಿಳಿದ ನನಗೆ ದನಿ ಹೊರಡಲಿಲ್ಲ.

ನರ್ಸ್ ಒಬ್ಬರು ಆ ತಾಯಿಯ ಫೋನಿನಿಂದ ಸುರೇಶನ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿದ ಮೇಲೆ, ತಾಯಿಯಿಂದ ದೂರ ವಿಲೆ ಪಾರ್ಲೆಯ ತನ್ನ ರೂಮಿನಲ್ಲಿ ಮಲಗಿದ್ದ ಸುರೇಶ ಫೋನ್ ಎತ್ತಿದ. ಮಗನ ದನಿ ಕೇಳಿ ಆಕೆ ನನ್ನ ಮಂಚದ ಅಂಚಿನಲ್ಲೇ ಕುಳಿತುಬಿಟ್ಟರು. ನನ್ನನ್ನು ಬೈಯಲಿಲ್ಲ. "ನಿನ್ನ ಮನೆಯವರಿಗೆ ಗೊತ್ತುಂಟಾ ಮಗಾ?" ಎಂದರು.

ಗೊತ್ತಿರಲಿಲ್ಲ. ಈಗಲೂ ಓಡುತ್ತೇನೆ, ನನ್ನದೇ ಹೆಸರಿನಲ್ಲಿ. ಆದರೆ ಅಂದು ನಾನು ಏಳದೇ ಹೋಗಿದ್ದರೆ, ಆ ಚೀಟಿ ನೋಡಿ ಯಾರೂ ನನ್ನ ಮನೆಗೆ ಸುದ್ದಿ ಮುಟ್ಟಿಸುತ್ತಿರಲಿಲ್ಲ. ಬೊರಿವಲಿಯಲ್ಲಿ ನನ್ನ ಹೆಂಡತಿ ತಿಂಡಿ ಮುಚ್ಚಿಟ್ಟು ಕಾಯುತ್ತಲೇ ಇರುತ್ತಿದ್ದಳು.