ಕಾಕುವಿನ ಕೊಸರು

ಕಾಕುವಿನ ಬಲಗೈ ತೋರುಬೆರಳಿನಲ್ಲಿ ಒಂದು ಗೀರು ಇತ್ತು. ಗಾಯದ ಗುರುತಲ್ಲ. ನಲವತ್ತು ವರ್ಷ ಆ ಬೆರಳಿನ ಮೇಲೆ ಹಾಯ್ದುಹೋದ ನೂಲು ಕೊರೆದ ಗೀರು. ಅದರಲ್ಲಿ ಒಂದೆಳೆ ದಾರ ಇಟ್ಟರೆ ಜಾರದೆ ಕೂತುಬಿಡುತ್ತಿತ್ತು. ಖುಷಿಯಲ್ಲಿದ್ದಾಗ ಇಟ್ಟು ತೋರಿಸುತ್ತಲೂ ಇದ್ದರು. ನನ್ನ ಅಂಗಡಿಯ ಮೂರನೇ ನಂಬರಿನ ಕಂಪ್ಯೂಟರಿನ ಮೌಸನ್ನು ಅವರು ಒತ್ತುತ್ತಿದ್ದದ್ದು ಅದೇ ಬೆರಳಿನಿಂದ. ಉಳಿದ ಮೌಸುಗಳು ಎರಡು ವರ್ಷ ಬಾಳಿದರೆ ಅದು ನಾಲ್ಕೇ ತಿಂಗಳಿಗೆ ಕೆಟ್ಟು ಕೂರುತ್ತಿತ್ತು.

ಬನಹಟ್ಟಿಯಲ್ಲಿ ನನ್ನ ನೆಟ್ ಸೆಂಟರ್ ಇದ್ದದ್ದು ಅವರ ಮನೆಯ ಮುಂದಿನ ಕೋಣೆಯಲ್ಲಿ. ಹಿಂದಿನ ಕೋಣೆಗಳಲ್ಲಿ ಅವರೂ ಅವರ ತಂಗಿಯೂ ಇದ್ದರು. ಇಡೀ ಓಣಿಗೆ ಅವರು ಕಾಕು, ಎಂದರೆ ಚಿಕ್ಕಮ್ಮ; ಬಾಡಿಗೆಯವನಾದ ನನಗೂ ಕಾಕು. ಎಡಕ್ಕೂ ಬಲಕ್ಕೂ ಮಗ್ಗದ ಮನೆಗಳು. ಹೊಸಬರು ಬಂದರೆ ಆ ಖಟಖಟ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಸದ್ದು ನಿಂತರೆ ಗಾಬರಿ, ಯಾಕೆಂದರೆ ಕರೆಂಟು ಹೋಯಿತು ಎಂದೇ ಅರ್ಥ. ಕಾಕು ಆ ಮಗ್ಗಗಳಿಗೆ ಕಂಡಿಕಿ ಸುತ್ತಿಕೊಡುತ್ತಿದ್ದರು. ಕಂಡಿಕಿ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ರಾಟಿಯ ಮುಂದೆ ನೆಲದ ಮೇಲೆ ಕೂತು ಕೂತು ಮೊಣಕಾಲು ಹೋದವು. ಜಮಖಂಡಿಯ ಡಾಕ್ಟರು, "ಇನ್ನ ನೆಲಕ್ಕ ಕೂಡಬ್ಯಾಡ್ರಿ, ಕುರ್ಚಿ ಮ್ಯಾಲ ಕೂಡ್ರಿ" ಎಂದರಂತೆ. ಆ ಮನೆಯಲ್ಲಿ ಕುರ್ಚಿ ಇದ್ದದ್ದು ನನ್ನ ಅಂಗಡಿಯಲ್ಲಿ ಮಾತ್ರ. ಬಂದು ಕೂತರು.

"ಏನ ಮಾಡಾಕತ್ತಿ ತಮ್ಮಾ?"

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಒಂದು ಆಟ ಆಡುತ್ತಿದ್ದೆ. ಊರೂರಿನಿಂದ ಸಾವಿರಾರು ಜನ ಒಂದೇ ಹೊತ್ತಿಗೆ ಸೇರಿ ಆಡುವ ಆಟ ಅದು. ಪ್ರತಿಯೊಬ್ಬರಿಗೂ ಒಂದೊಂದು ಬೊಂಬೆ, ಕೈಯಲ್ಲಿ ಕತ್ತಿ. ಕಾಡಿನಲ್ಲಿ ಹಂದಿಯನ್ನೋ ತೋಳವನ್ನೋ ಕಡಿದರೆ ನೂರಾರು ನಾಣ್ಯ ಬೀಳುತ್ತವೆ. ಆ ನಾಣ್ಯ ಕೂಡಿಸಿ ಅಂಗಿ, ಕವಚ, ಕುದುರೆ ಕೊಳ್ಳಬೇಕು. ಕಡಿಯುವ ಬೇಸರ ಬೇಡ ಎನ್ನುವವರು ನಿಜವಾದ ರೊಕ್ಕ ಕೊಟ್ಟು ಬೇರೆಯವರಿಂದ ನಾಣ್ಯ ಕೊಳ್ಳುತ್ತಿದ್ದರು. ಕಂಪನಿಯ ಕಾಯಿದೆ ಇದಕ್ಕೆ ಒಪ್ಪುತ್ತಿರಲಿಲ್ಲ, ಆದರೂ ಎಲ್ಲರೂ ಮಾಡುತ್ತಿದ್ದರು. ಇಷ್ಟನ್ನು ಹೇಳಿದಾಗ ಕಾಕು ಕೇಳಿದ್ದು ಒಂದೇ ಪ್ರಶ್ನೆ: "ಹಂದಿ ಖರೇನ ಸಾಯತೈತೇನೋ?"

ಒಂದು ನಿಮಿಷಕ್ಕೆ ಮತ್ತೆ ಎದ್ದು ಬರುತ್ತದೆ ಎಂದೆ. ನಂಬಲಿಲ್ಲ. ಕಾದು ಕೂತು, ಹಂದಿ ಎದ್ದು ಬಂದದ್ದನ್ನು ಕಣ್ಣಾರೆ ಕಂಡ ಮೇಲೆ, "ಹಂಗಾರ ಪಾಪ ಇಲ್ಲ ಬಿಡು" ಎಂದು ಮೌಸು ಹಿಡಿದರು. ಹುಟ್ಟಿದಾಗಿನಿಂದ ಒಂದು ತತ್ತಿಯನ್ನೂ ಮುಟ್ಟದ ಕೈ ಅದು.

ಅವರ ಬೊಂಬೆಗೆ ಕಂಡಿಕಿ ಎಂದೇ ಹೆಸರಿಟ್ಟೆ. ತುಂಡು ಬಟ್ಟೆಯ ಆ ಹುಡುಗಿಯನ್ನು ನೋಡಿ ಕಾಕುವಿಗೆ ಸಿಟ್ಟು ಬಂತು. "ಸೀರಿ ನೇಯೂ ಊರಾಗ ಕುಂತು ಈಕಿಗೆ ಮೈತುಂಬ ಒಂದ ಅರಿವಿ ಇಲ್ಲೇನು?" ಮೊದಲ ವಾರ ಕೂಡಿದ ನಾಣ್ಯವೆಲ್ಲ ಮೈ ಮುಚ್ಚುವ ಒಂದು ಕವಚಕ್ಕೆ ಹೋಯಿತು. ಆ ಮೇಲೆಯೇ ವ್ಯಾಪಾರ.

ನಾನು ಹತ್ತು ಹಂದಿ ಕಡಿಯುವುದರೊಳಗೆ ಆಕಳಿಸುತ್ತಿದ್ದೆ. ಕಾಕು ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಊಟದ ತನಕ ಕಡಿಯುವರು, ಉಂಡು ಬಂದು ಮತ್ತೆ ಸಂಜೆಯ ತನಕ ಕಡಿಯುವರು. ಬೇಸರ ಬರುವುದಿಲ್ಲವೇ ಎಂದರೆ, "ಕಂಡಿಕಿ ಸುತ್ತಿದಾಕಿಗೆ ಬ್ಯಾಸರಕಿ ಎಲ್ಲಿದೋ? ಇಲ್ಲಿ ದಾರಾ ಹರಿಯೂದಿಲ್ಲ, ಅಷ್ಟ ಸುಖ" ಎನ್ನುವರು. ಇಂಗ್ಲಿಷ್ ಓದಲು ಬಾರದು, ಅಂಕಿ ಮಾತ್ರ ಗೊತ್ತು. ಕೊಳ್ಳುವವರೊಂದಿಗೆ ಪತ್ರ ಬರೆಯುವ ಕೆಲಸ ನನ್ನದು. ಕೊಳ್ಳುವವರು ರೊಕ್ಕದ ಬದಲು ಮೊಬೈಲ್ ರಿಚಾರ್ಜ್ ಕಾರ್ಡಿನ ನಂಬರು ಕಳಿಸುವರು, ನಾನು ಅದನ್ನು ಅಂಗಡಿಯಲ್ಲಿ ಮಾರಿ ಕಾಕುವಿಗೆ ರೊಕ್ಕ ಕೊಡುವೆ.

ಮಾಲು ಕೊಡುವಾಗ ನಾನೊಂದು ಉಪಾಯ ಹೂಡಿದ್ದೆ. ಆಟದೊಳಗೆ ನಾವು ನಾಣ್ಯ ಇಟ್ಟರೆ ಎದುರಿನವನು ಒಂದು ಹಳೆಯ ಟೊಪ್ಪಿಗೆಯನ್ನಾದರೂ ಇಡಬೇಕು. ಕಂಪನಿಯವರು ನೋಡಿದರೆ ಟೊಪ್ಪಿಗೆ ಕೊಂಡ ಹಾಗೆ ಕಾಣಬೇಕು. ಕಾಕು ಇದಕ್ಕೆ ಒಪ್ಪಿದರು. ಆದರೆ ಅದು ಮುಗಿದ ಮೇಲೆ ಆಟದೊಳಗಿನ ಅಂಚೆಯಲ್ಲಿ ಬೇರೆಯಾಗಿ ಇನ್ನೊಂದಿಷ್ಟು ನಾಣ್ಯ ಕಳಿಸುತ್ತಿದ್ದರು. ಬದಲಿಗೆ ಏನೂ ಇಲ್ಲ. ಅದು ಕೊಸರು. ಬದನೆಕಾಯಿ ತೂಗಿದ ಮೇಲೆ ಎರಡು ಮೆಣಸಿನಕಾಯಿ ಎಸೆಯುತ್ತಾರಲ್ಲ, ಹಾಗೆ.

"ಕಾಕೂ, ಕೊಡೂದಿದ್ರ ಅದರಾಗ ಕೂಡಿಸಿ ಕೊಟ್ಟಬಿಡ್ರಿ" ಎಂದು ನಾನು ಹತ್ತು ಸಲ ಹೇಳಿರಬೇಕು.

"ಅಳತಿಯೊಳಗ ಕೂಡಿಸಿದ್ರ ಅದೂ ಅಳತಿನ ಆತು. ಕೊಸರು ಹೆಂಗ ಆದೀತೋ ಹುಚ್ಚಪ್ಪಾ?"

ಗಲಗಲಿಯ ಕಡೆಯ ಒಬ್ಬ ಯುವಕ ನಮ್ಮ ದೊಡ್ಡ ಗಿರಾಕಿ. ಕುರಿ ಕಾಯುವ ಮನೆತನದವನು, ಡಿಗ್ರಿ ಮುಗಿಸಿ ಮನೆಯಲ್ಲಿದ್ದ, ಬೀಳಗಿಯ ನೆಟ್ ಸೆಂಟರಿನಲ್ಲಿ ಆಡುತ್ತಿದ್ದ. ಅವನಿಗೆ ಆಟದಲ್ಲಿ ಒಂದು ಕುದುರೆ ಬೇಕಿತ್ತು, ಅದರ ಬೆಲೆ ಐವತ್ತು ಲಕ್ಷ ನಾಣ್ಯ. ಬಸ್ಸಿಗೆ ಬಂದು ರೊಕ್ಕವನ್ನು ಕಾಕುವಿನ ಕೈಯಲ್ಲೇ ಇಟ್ಟು ಹೋದ. ಹತ್ತು ದಿನದಲ್ಲಿ ಕೊಡುವ ಮಾತಾಯಿತು. ಮಳೆಗಾಲ ಹತ್ತಿರ ಬಂದಿತ್ತು, ನನ್ನ ಅಂಗಡಿಯ ಚಾವಣಿಯ ತಗಡಿನ ಪತ್ರಾ ತೂತು ಬಿದ್ದಿದ್ದವು. ಕಾಕು ಮರುದಿನವೇ ಆ ರೊಕ್ಕದಲ್ಲಿ ಹೊಸ ಪತ್ರಾ ಹೊದಿಸಿದರು.

ಐವತ್ತು ಲಕ್ಷ ಹೆಚ್ಚುಕಡಿಮೆ ಕೂಡಿದ್ದ ದಿನ ಬೆಳಿಗ್ಗೆ ನಾನು ಕಂಪ್ಯೂಟರ್ ಹಚ್ಚಿದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಕಂಡಿಕಿಯ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ, ಬದಲಿಗೆ ಏನನ್ನೂ ಪಡೆಯದೆ ಪದೇ ಪದೇ ಹಲವರಿಗೆ ನಾಣ್ಯ ಕಳಿಸಿದ್ದೇ ಕಾರಣ. ಅವರು ಹಿಡಿದದ್ದು ವ್ಯಾಪಾರವನ್ನಲ್ಲ, ಕೊಸರನ್ನು.

ಕಾಕು ಬಂದರು. ನನಗೆ ನಿಜ ಹೇಳುವ ಧೈರ್ಯ ಸಾಲಲಿಲ್ಲ. "ಸರ್ವರ್ ಡೌನ್ ಐತ್ರಿ" ಎಂದೆ. ಕರೆಂಟು ಹೋದ ಹಾಗೆ ಏನೋ ಹೋಗಿದೆ ಎಂದುಕೊಂಡು, "ಯಾವಾಗ ಬರತೈತಿ?" ಎಂದರು. ನಾಳೆ ಎಂದೆ. ಮರುದಿನವೂ ನಾಳೆ ಎಂದೆ. ಗಲಗಲಿಯವನ ಫೋನು ಬಂದರೆ ಎತ್ತಲಿಲ್ಲ. ಹೀಗೆ ನಾಲ್ಕು ದಿನ.

ಐದನೆಯ ದಿನ ಹೆಗಲ ಮೇಲೆ ಕಂಬಳಿ ಹಾಕಿದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತರು. ಹಿಂದೆ ತಲೆ ತಗ್ಗಿಸಿಕೊಂಡು ಆ ಯುವಕ.

"ಇಲ್ಲಿ ಕುದರಿ ಮಾರಾವ್ರು ಯಾರ್ರಿ?"

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಕಿಸಕ್ಕನೆ ನಕ್ಕರು. ಆ ತಂದೆ ನಗಲಿಲ್ಲ. "ಆರು ಹಲ್ಲಿನ ಟಗರು. ಕಾಳಗಕ್ಕಂತ ಮೂರ ವರ್ಷ ಹುರುಳಿ ತಿನಿಸಿ ಬೆಳಿಸಿದ್ದೆ. ನಾ ಬೀಗರ ಊರಿಗೆ ಹೋದಾಗ ಮಾರ್ಯಾನ. ಕೇಳಿದ್ರ ಕುದರಿ ತೊಗೊಂಡೇನಿ ಅಂತಾನ. ಆ ಕುದರಿ ಎಲ್ಲೈತಿ ತೋರಸ್ರಿ."

ಕಾಕು ಸಮಾಧಾನದಿಂದಲೇ ಹೇಳಿದರು: "ಕೊಡ್ತೇವ್ರಿ ಯಜಮಾನ್ರ. ಸರ್ವರ್ ಬಂದ ಕೂಡ್ಲೆ ಕೊಡ್ತೇವಿ."

"ಸರ್ವರ್ ಹೋಗಿಲ್ರಿ" ಎಂದ ಯುವಕ. "ನಿಮ್ಮ ಖಾತೇನ ಮುಚ್ಯಾರ."

ಕಾಕು ನನ್ನ ಕಡೆ ತಿರುಗಿದರು. "ಖರೆ ಏನು?"

"ಹೌದ್ರಿ."

"ಎಂದ?"

"ನಾಕ ದಿನ ಆತ್ರಿ."

ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ನಾನೇ ಹತ್ತಿರ ಹೋಗಿ ಪಿಸುಗುಟ್ಟಿದೆ, ಮುಚ್ಚಿದ್ದು ಕಂಪನಿ, ನಮ್ಮ ತಪ್ಪೇನಿಲ್ಲ, ಕೊಡಲೇಬೇಕು ಅಂತಿಲ್ಲ ಎಂದು. ಕಾಕು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಕಂಪನಿ ಜೋಡಿ ನಾ ಮಾತಾಡಿಲ್ಲ. ಈ ಹುಡುಗನ ಜೋಡಿ ಮಾತಾಡೇನಿ."

"ಹಂಗಾರ ರೊಕ್ಕನ ತಿರುಗಿ ಕೊಡ್ರಿ" ಎಂದರು ಹಿರಿಯರು.

ಕಾಕು ಬೆರಳು ಮೇಲೆ ಮಾಡಿ ಹೊಳೆಯುವ ಪತ್ರಾ ತೋರಿಸಿದರು. "ರೊಕ್ಕ ಅಲ್ಲೈತ್ರಿ, ನಿಮ್ಮ ತಲಿ ಮ್ಯಾಲ. ಬಿಚ್ಚಿ ಕೊಟ್ರ ನಿಮಗೂ ಉಪಯೋಗಿಲ್ಲ, ನನಗೂ ಇಲ್ಲ. ಮಾತಾಡಿದ್ದು ನಾಣ್ಯೇದ್ದು. ಮತ್ತ ಮೊದಲಿಂದ ದುಡದು ಕೊಡ್ತೇನಿ, ಬರೂ ಅಮಾಸಿಯೊಳಗ."

ಹಿರಿಯರು ಪತ್ರಾ ನೋಡಿದರು, ಕಾಕುವನ್ನು ನೋಡಿದರು, ಕಂಪ್ಯೂಟರನ್ನು ಸ್ವಲ್ಪ ಅನುಮಾನದಿಂದ ನೋಡಿದರು. ಕೊನೆಗೆ ಸೊಂಟದಲ್ಲಿದ್ದ ಸಣ್ಣ ಚೀಲ ಬಿಚ್ಚಿದರು. ಅದರಲ್ಲಿ ಭಂಡಾರ, ಬೀರಪ್ಪನ ಗುಡಿಯ ಅರಿಶಿನಪುಡಿ. ಅವರ ಮನೆತನಗಳಲ್ಲಿ ಭಂಡಾರ ಹಿಡಿದು ಆಡಿದ ಮಾತಿನ ಮುಂದೆ ಕಾಗದಪತ್ರ ಬೇಕಿಲ್ಲ, ಅದನ್ನು ಮುರಿದವನ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. "ಇದನ್ನ ಹಿಡದು ಹೇಳವಾ" ಎಂದರು.

ಕಾಕು ಸೆರಗಿಗೆ ಕೈ ಒರೆಸಿಕೊಂಡು ಅಂಗೈ ಚಾಚಿದರು. "ಬೀರಪ್ಪನ ಸಾಕ್ಷಿ. ಅಮಾಸಿಯೊಳಗ ಐವತ್ತ ಲಕ್ಷ." ಹಣೆಗೆ ಹಚ್ಚಿಕೊಂಡರು. ಉಳಿದ ಪುಡಿ ಮೂರನೇ ನಂಬರಿನ ಕೀಬೋರ್ಡಿನ ಸಂದುಗಳಲ್ಲಿ ಬಿತ್ತು, ಅಲ್ಲೇ ಉಳಿಯಿತು.

ಅಮಾವಾಸ್ಯೆಗೆ ಇಪ್ಪತ್ತೆರಡು ದಿನ ಇತ್ತು. ಅಪ್ಪ ಮಗ ಹೋದ ಮೇಲೆ ಕಾಕು ಕುರ್ಚಿಯ ಮೇಲೆ ಕೂತು ಹೇಳಿದರು: "ಮಾಲಕ್ರ, ಹೊಸಾ ಖಾತೆ ತಗೀರಿ."

ನಾನು ಅವರ ಮನೆಯ ಬಾಡಿಗೆಯವನು, ನನಗೆ ಮಾಲಕ್ರ! ತಮ್ಮಾ ಹೋಯಿತು, ಹುಚ್ಚಪ್ಪಾ ಹೋಯಿತು. ಚಹಾ ಕುಡಿಯುತ್ತೀರಾ ಎಂದರೆ, "ಬ್ಯಾಡ್ರಿ ಮಾಲಕ್ರ." ಆ ರೀ ಎನ್ನುವುದು ನನ್ನ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ತಪ್ಪಾಯಿತು ಎಂದೂ ಹೇಳಿದೆ. "ಇರಲಿ ಬಿಡ್ರಿ" ಎಂದು ಹಂದಿ ಕಡಿದರು.

ಹೊಸ ಖಾತೆಯ ಬೊಂಬೆಗೆ ಮೊಂಡ ಕತ್ತಿ, ಮತ್ತದೇ ತುಂಡು ಬಟ್ಟೆ. ಈ ಸಲ ಕವಚಕ್ಕೂ ಒಂದು ನಾಣ್ಯ ಖರ್ಚು ಮಾಡಲಿಲ್ಲ. ಹತ್ತು ದಿನಕ್ಕೆ ತೋರುಬೆರಳು ಬಾತಿತು. ಒದ್ದೆ ಬಟ್ಟೆ ಸುತ್ತಿಕೊಂಡು ಒತ್ತಿದರು. ನಡುಬೆರಳಿಗೆ ಬದಲಿಸಿದರು, ಅದು ನಿಧಾನವಾಯಿತು, ಮತ್ತೆ ತೋರುಬೆರಳಿಗೇ ಬಂದರು. ತಂಗಿ ಒಳಗಿನಿಂದ, "ಹಂದಿ ಹುಚ್ಚು ಹಿಡದೈತಿ ಈಕಿಗೆ" ಎಂದು ಗೊಣಗುತ್ತ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ನಾಲ್ಕನೇ ನಂಬರಿನಲ್ಲಿ ಕೂತು ಒಂದು ಲಕ್ಷ ಕೂಡಿಸಿ ಕೊಡಹೋದೆ. ಮುಟ್ಟಲಿಲ್ಲ. "ಭಂಡಾರ ಹಿಡದಿದ್ದು ನನ್ನ ಕೈ ರೀ ಮಾಲಕ್ರ."

ಅಮಾವಾಸ್ಯೆಗೆ ಮೂರು ದಿನ ಇರುವಾಗ ಇನ್ನೂ ಆರು ಲಕ್ಷ ಬಾಕಿ ಇತ್ತು. ಅವತ್ತು ಬೆಳಿಗ್ಗೆ ಹತ್ತಕ್ಕೆ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ಎಲ್ಲೋ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ಎರಡು ದಿನ ಕರೆಂಟು ಬರುವುದಿಲ್ಲ ಎಂದರು. ಕಾಕು ಕಪ್ಪಾದ ಪರದೆಯ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಗಾಡಿ ತೆಗೆದುಕೊಂಡು ತೇರದಾಳಕ್ಕೆ ಹೋದೆ. ಅಲ್ಲಿ ಮದುವೆಗಳಿಗೆ ಪೆಂಡಾಲು ಹಾಕುವವನಿಂದ ಜನರೇಟರ್ ಬಾಡಿಗೆಗೆ ತಂದು ಬಾಗಿಲಲ್ಲಿ ಹಚ್ಚಿದೆ. ಎರಡು ದಿನ ಅದರ ಹೊಗೆಯಲ್ಲಿ ನಾನು ಡೀಸೆಲ್ ಹಾಕುತ್ತ ಕೂತೆ, ಅವರು ಕಡಿಯುತ್ತ ಕೂತರು. ನನಗೆ ಮಾಡಲು ಬಿಟ್ಟಿದ್ದು ಅದೊಂದೇ ಕೆಲಸ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಅಪ್ಪ ಮಗ ಬಂದರು. ಯುವಕ ನಾಲ್ಕನೇ ನಂಬರಿನಲ್ಲಿ ಕೂತು ತನ್ನ ಹಳೆಯ ಟೊಪ್ಪಿಗೆ ಇಟ್ಟ. ಕಾಕು ಐದರ ಮುಂದೆ ಆರು ಸೊನ್ನೆ ಒತ್ತಿದರು, ಎರಡು ಸಲ ಎಣಿಸಿದರು, ಆಮೇಲೆ ಕೊಟ್ಟರು. ಅವನು ಅಲ್ಲೇ ಕುದುರೆ ಕೊಂಡ. ಕಂದು ಬಣ್ಣದ್ದು. ಹಿರಿಯರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು. "ಕಾಲು ಛಲೋ ಅದಾವು" ಎಂದರು.

ಅಷ್ಟರಲ್ಲಿ ಕಾಕುವಿನ ಕೈ ಆಟದ ಅಂಚೆಯ ಗುರುತಿನ ಕಡೆ ಸರಿಯಿತು. "ಕಾಕೂ, ಕೈ ಮುಗೀತೇನಿ, ಬ್ಯಾಡ್ರಿ" ಎಂದೆ. ಕೈ ನಿಂತಿತು. ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಒಂದು ಹೊಸ ಖಣ ತಂದು ಹಿರಿಯರ ಕೈಯಲ್ಲಿಟ್ಟರು. "ನಿಮ್ಮ ಮನಿಯಾಕಿಗೆ ಕುಬಸಕ್ಕ ಆತು. ಇದನ್ನ ಮುಚ್ಚಾಕ ಯಾ ಕಂಪನಿಗೂ ಆಗೂದಿಲ್ಲ."

ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು ಹೇಳಿದರು: "ತಮ್ಮಾ, ಚಹಾ ತರಸೋ. ನಾಕ ಕಪ್ಪು."

ತರಿಸಲಿಲ್ಲ, ನಾನೇ ಓಡಿದೆ. ಚಹಾದಂಗಡಿಯ ಮುಂದೆ ನಿಂತು ಅತ್ತೆ. ಅಂಗಡಿಯವನು ಯಾರು ತೀರಿಕೊಂಡರು ಎಂದು ಕೇಳಿದ.

ಆ ಮೇಲೆ ಎಲ್ಲರ ಮೊಬೈಲಿಗೂ ನೆಟ್ ಬಂತು. ಆ ಆಟವೂ ಮುಚ್ಚಿತು, ನೆಟ್ ಸೆಂಟರುಗಳೂ ಮುಚ್ಚಿದವು. ನಾನು ಅದೇ ಕೋಣೆಯಲ್ಲಿ ಜೆರಾಕ್ಸ್, ಅರ್ಜಿ ತುಂಬುವ ಕೆಲಸಕ್ಕೆ ಇಳಿದೆ. ಕಾಕು ಕುರ್ಚಿ ಬಿಡಲಿಲ್ಲ. ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದರು. ಒಂದು ಚಳಿಗಾಲದ ಬೆಳಿಗ್ಗೆ ಏಳಲಿಲ್ಲ.

ಸುದ್ದಿಯನ್ನು ಗಲಗಲಿಗೂ ತಿಳಿಸಿದ್ದೆ. ಆ ಹಿರಿಯರು ಈಗ ಕೋಲೂರಿ ನಡೆಯುತ್ತಿದ್ದರು, ಆದರೂ ಮಗನೊಂದಿಗೆ ಮಧ್ಯಾಹ್ನದ ಹೊತ್ತಿಗೆ ಬಂದರು. ತಂದಿದ್ದ ಹೊಸ ಕಂಬಳಿಯನ್ನು ಬಿಚ್ಚಿ ಕಾಕುವಿನ ಮೇಲೆ ಹೊದಿಸಿದರು. "ಹೊಸಾ ಕಂಬಳಿ ಯಾಕ ತಂದ್ರಿ ಯಜಮಾನ್ರ?" ಎಂದರು ತಂಗಿ.

"ಕೊಸರು ಅನ್ನವಾ" ಎಂದರು ಅವರು.

ಬಲಗೈ ಕಂಬಳಿಯ ಹೊರಗೆ ಉಳಿದಿತ್ತು. ನಾನು ಅದನ್ನು ಹಿಡಿದು ಒಳಗೆ ಸರಿಸಿದೆ. ಬೆರಳಿನ ಗೀರು ಹಾಗೇ ಇತ್ತು. ನಾಲ್ಕು ದಿನ ಸುಳ್ಳು ಹೇಳಿದವನನ್ನು ಅವರು ಮತ್ತೆ ತಮ್ಮಾ ಎಂದು ಕರೆದಿದ್ದರು, ಬದಲಿಗೆ ಏನನ್ನೂ ಪಡೆಯದೆ. ನನ್ನ ಪಾಲಿಗೆ ಬಂದ ಕೊಸರು ಅದು.